ದೊಡ್ಡ ಆರ್ಕಿಟೆಕ್ಚರ್ ಆಫೀಸ್ ಸಾಕಾಗಿದೆ ಅನ್ನೋರಿಗೆ: ಇರೋದಾ, ಬಿಡೋದಾ, ಬಿಟ್ರೆ ಎಲ್ಲಿಗೆ ಹೋಗೋದು

ಒಂದು ದೊಡ್ಡ ಆಫೀಸಲ್ಲಿ ನಾನು 6 ವರ್ಷ ಇದ್ದೆ, ಅದ್ರಲ್ಲಿ 14 ತಿಂಗಳು ಬರೀ ಒಂದು ಟವರಿನ ಟಾಯ್ಲೆಟ್ ಡ್ರಾಯಿಂಗು ಮತ್ತೆ ಡೋರ್ ಶೆಡ್ಯೂಲು. ಅಂದ್ರೆ ಯಾವ ಬಾಗಿಲು ಯಾವ ಕಡೆ ತೆರೀಬೇಕು, ಅದಕ್ಕೆ ಯಾವ ಬೀಗ, ಎಷ್ಟು ಹೊತ್ತು ಬೆಂಕಿ ತಡ್ಕೋಬೇಕು, ಇದನ್ನೆಲ್ಲ ಸಾಲು ಸಾಲಾಗಿ ತುಂಬ್ತಾ ಹೋಗೋದು, ಮೇಲಿನವರು ಪ್ಲಾನ್ ಬದಲಾಯಿಸಿದ್ರು ಅಂದ್ರೆ ಮತ್ತೆ ಮೊದಲಿಂದ. ಆ ಬಿಲ್ಡಿಂಗ್ ಕಟ್ಟೋವಾಗ ನನ್ನನ್ನ ಒಂದು ದಿನಾನೂ ಸೈಟಿಗೆ ಕಳಿಸ್ಲಿಲ್ಲ. ಮುಗಿದು ಜನ ಓಡಾಡೋಕೆ ಶುರುವಾದ ಮೇಲೆ ಯಾರೋ ವಿಸಿಟರ್ ಥರ ಒಳಗೆ ಹೋಗಿ ನನ್ನ ಬಾಗಿಲುಗಳನ್ನ ಮುಟ್ಟಿ ನೋಡ್ಕೊಂಡು ಬಂದೆ. ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಆಮೇಲೆ ಬಿಟ್ಟೆ, 7 ಜನ ಇದ್ದ ಸಣ್ಣ ಆಫೀಸಿಗೆ ಸೇರ್ದೆ, ಅಲ್ಲಿ 2 ವರ್ಷ ಇದ್ದು ಅದೂ ಆಗ್ದೆ ಈಗ 4 ವರ್ಷದಿಂದ ಸುಮಾರು 50 ಜನರ ಆಫೀಸಲ್ಲಿದ್ದೀನಿ. ಹಾಗಾಗಿ ಮೂರೂ ಥರದ್ದನ್ನ ಒಳಗಿಂದ ನೋಡಿದ್ದೀನಿ. ಜೂನಿಯರ್ಸ್ ತುಂಬಾ ಜನ ನನ್ನ ಹತ್ರ ಕೇಳೋದು ಒಂದೇ ಪ್ರಶ್ನೆ, "ಬಿಡ್ಲಾ?" ಅಂತ. ನಾನು ತಿರುಗಿ ಕೇಳೋದು, "ಯಾವುದನ್ನ ಬಿಡ್ಬೇಕು ಅಂತಿದ್ದೀಯ, ಆ ಆಫೀಸನ್ನಾ, ಆ ಬಾಸನ್ನಾ, ಇಲ್ಲ ಈ ವೃತ್ತೀನೇನಾ?" ಇದಕ್ಕೆ ಉತ್ತರ ಗೊತ್ತಿಲ್ದೆ ಬಿಟ್ಟಿದ್ದಕ್ಕೇ ನಾನು 2 ವರ್ಷ ಕಳ್ಕೊಂಡಿದ್ದು.

ಮೊದ್ಲು ಬೇಸರ ಎಲ್ಲಿಂದ ಬರ್ತಿದೆ ನೋಡಿ

ಬೇಜಾರಾದಾಗ ಎಲ್ಲಾ ಒಂದೇ ಗುಡ್ಡೆ ಥರ ಕಾಣುತ್ತೆ. ಸಂಬಳ ಕಮ್ಮಿ, ರಾತ್ರಿ 11 ಆದ್ರೂ ಮನೆ ಸೇರಕ್ಕಾಗಲ್ಲ, ಮಾಡಿದ ಕೆಲಸದಲ್ಲಿ ಹೆಸರಿಲ್ಲ, ಬಾಸ್ ಮುಖ ಕೊಟ್ಟು ಮಾತಾಡಲ್ಲ, ಹೊಸದೇನೂ ಕಲೀತಿಲ್ಲ. ಆದ್ರೆ ಇವೆಲ್ಲ ಒಂದೇ ಕಡೆಯಿಂದ ಬಂದಿರಲ್ಲ. ಕೆಲವು ಈ ವೃತ್ತಿಯವು, ಯಾವ ಆಫೀಸಿಗೆ ಹೋದ್ರೂ ಬೆನ್ನು ಹತ್ತಿ ಬರ್ತವೆ. ಕೆಲವು ಆಫೀಸಿನ ಗಾತ್ರದವು. ಇನ್ನು ಕೆಲವು ನಿಮ್ಮ ಟೀಮಿನವು, ಪಕ್ಕದ ಫ್ಲೋರಿಗೆ ಹೋದ್ರೆ ಇರೋದೇ ಇಲ್ಲ. ಯಾವುದು ಎಲ್ಲೀದು ಅಂತ ಬಿಡಿಸ್ಕೊಂಡ್ರೆ ಆಯ್ಕೆ ಅರ್ಧ ಮುಗಿದ ಹಾಗೆ.

ಓವರ್‌ಟೈಮನ್ನೇ ತಗೊಳ್ಳಿ. ಎಲ್ರೂ ಇದನ್ನ ದೊಡ್ಡ ಆಫೀಸಿನ ರೋಗ ಅಂದ್ಕೋತಾರೆ, ಅಲ್ಲ. ಇದರ ಬೇರು ಫೀಸಲ್ಲಿದೆ. ಅಮೆರಿಕದ ಆಫೀಸುಗಳಲ್ಲಿ ರೂಢಿಯಲ್ಲಿರೋ ಹಂಚಿಕೆ ಹೆಚ್ಚುಕಮ್ಮಿ ಹೀಗಿರುತ್ತೆ: ಒಟ್ಟು ಫೀಸಲ್ಲಿ ಸ್ಕೀಮ್ಯಾಟಿಕ್ ಡಿಸೈನಿಗೆ (ಮೊದಲ ಕಲ್ಪನೆ, ಆಪ್ಷನ್‌ಗಳು) 15%, ಡಿಸೈನ್ ಡೆವಲಪ್‌ಮೆಂಟಿಗೆ (ಅದನ್ನ ವಿವರವಾಗಿ ಬೆಳೆಸೋದು) 20%, ಕಟ್ಟೋ ಡ್ರಾಯಿಂಗುಗಳಿಗೆ 40%, ಟೆಂಡರಿಗೆ 5%, ಕಟ್ಟೋವಾಗ ನೋಡ್ಕೊಳ್ಳೋಕೆ 20%. ಕಾಗದದ ಮೇಲೆ ಚೆನ್ನಾಗಿದೆ. ನಿಜದಲ್ಲಿ ಏನಾಗುತ್ತೆ ಅಂದ್ರೆ ಕ್ಲೈಂಟ್ ಇನ್ನೊಂದು ಆಪ್ಷನ್ ತೋರಿಸಿ ಅಂತಾರೆ, ಪ್ರಿನ್ಸಿಪಾಲ್, ಅಂದ್ರೆ ಆಫೀಸಿನ ಮುಖ್ಯಸ್ಥರು, ಆಗಲ್ಲ ಅನ್ನಲ್ಲ, ಹಿಂಗೆ ಏಳೆಂಟು ಆಪ್ಷನ್ ಆಗೋ ಹೊತ್ತಿಗೆ ಆ 15% ಮುಗಿದು ಮುಂದಿನ ಹಂತದ ದುಡ್ಡಿಗೂ ಕೈ ಹಾಕಿ ಆಗಿರುತ್ತೆ, ಡೆಡ್‌ಲೈನ್ ಮಾತ್ರ ಇದ್ದಲ್ಲೇ ಇರುತ್ತೆ, ಕಡಿಮೆ ಬಿದ್ದಿದ್ದನ್ನ ಡ್ರಾಯಿಂಗ್ ಮಾಡೋ ಹುಡುಗ್ರು ಹುಡುಗೀರು ತಮ್ಮ ರಾತ್ರಿಗಳಿಂದ ತುಂಬ್ತಾರೆ. ಇದು 5 ಜನರ ಆಫೀಸಲ್ಲೂ ಹೀಗೇ, 5 ಸಾವಿರ ಜನರ ಆಫೀಸಲ್ಲೂ ಹೀಗೇ.

ಫೀಸು ಯಾಕೆ ಅಷ್ಟು ಕಮ್ಮಿ ಅಂದ್ರೆ ಅದಕ್ಕೂ ಒಂದು ಕಥೆ ಇದೆ. ಅಮೆರಿಕದ ಆರ್ಕಿಟೆಕ್ಟರ ಸಂಘ ಎಐಎ, ಮೆಂಬರ್ಸ್ ಒಬ್ಬರ ಮೇಲೊಬ್ಬರು ಫೀಸಲ್ಲಿ ಪೈಪೋಟಿ ಮಾಡ್ಬಾರ್ದು ಅಂತ ನಿಯಮ ಇಟ್ಕೊಂಡಿತ್ತು. ಅಲ್ಲಿನ ನ್ಯಾಯ ಇಲಾಖೆ ಇದು ಮಾರುಕಟ್ಟೆ ಪೈಪೋಟಿಗೆ ಅಡ್ಡ ಅಂತು, 1972ರಲ್ಲಿ ಆ ನಿಯಮ ಕೈಬಿಡಬೇಕಾಯ್ತು, 1990ರಲ್ಲಿ ಮತ್ತೊಂದು ಸಲ ಅದೇ ಥರದ ಒಪ್ಪಂದಕ್ಕೆ ಸಹಿ ಬಿತ್ತು. ಗ್ರಾಹಕನ ಕಡೆಯಿಂದ ನೋಡಿದ್ರೆ ಆ ವಾದದಲ್ಲಿ ಹುರುಳಿದೆ, ಆದ್ರೆ ಕಮ್ಮಿ ಫೀಸಿಗೆ ಕೆಲಸ ಹಿಡಿಯೋ ಪೈಪೋಟಿ ಶುರುವಾದ್ರೆ ಅದರ ಭಾರ ಬಂದು ಕೂರೋದು ಅತಿ ಕೆಳಗಿನವರ ಮೇಲೆ.

ಸಣ್ಣ ಆಫೀಸಲ್ಲಿ ಮನುಷ್ಯತ್ವ ಜಾಸ್ತಿ ಇರುತ್ತೆ ಅಂತ ನಾನೂ ನಂಬಿದ್ದೆ. 2019ರಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿ ಬೇಸಿಗೆಗೆ ಅಂತ ಕಟ್ಟಿಸೋ ತಾತ್ಕಾಲಿಕ ಪೆವಿಲಿಯನ್ ಡಿಸೈನ್ ಮಾಡ್ತಿದ್ದ ಜಪಾನಿನ ಜುನ್ಯ ಇಶಿಗಾಮಿ ಅವರ ಸ್ಟುಡಿಯೋ ಸಂಬಳ ಇಲ್ದೆ ಇಂಟರ್ನ್‌ಗಳನ್ನ ತಗೋತಿದೆ ಅಂತ ಹೊರಗೆ ಬಂತು, ಆಮೇಲೆ ಸರ್ಪೆಂಟೈನ್ ಗ್ಯಾಲರಿಯವರೇ ಈ ಪ್ರಾಜೆಕ್ಟಲ್ಲಿ ಕೆಲಸ ಮಾಡೋ ಪ್ರತಿಯೊಬ್ಬರಿಗೂ ಸಂಬಳ ಕೊಡ್ಬೇಕು ಅಂತ ಹೇಳ್ಬೇಕಾಯ್ತು. ಅದು ಸಾವಿರಾರು ಜನರ ಕಂಪನಿ ಏನಲ್ಲ. ದುಡಿಸಿಕೊಳ್ಳೋದಕ್ಕೂ ಗಾತ್ರಕ್ಕೂ ಅಂಥಾ ಸಂಬಂಧ ಇಲ್ಲ.

ಗಾತ್ರದಿಂದಲೇ ಬರೋ ತೊಂದರೆಗಳು

ಇವು ಬೇರೆ. ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು ಒಂದೇ ಹಂತದಲ್ಲಿ ಸಿಕ್ಕಿ ಹಾಕ್ಕೊಳ್ಳೋದು. ದೊಡ್ಡ ಪ್ರಾಜೆಕ್ಟು 5 ವರ್ಷ, 7 ವರ್ಷ ನಡೆಯುತ್ತೆ, ನೀವು ಒಂದ್ಸಲ ಮೆಟ್ಟಿಲು ಚೆನ್ನಾಗಿ ಮಾಡಿದ್ರೆ ಮುಂದಿನ ಪ್ರಾಜೆಕ್ಟಲ್ಲೂ ಮೆಟ್ಟಿಲೇ ಕೊಡ್ತಾರೆ, ಮ್ಯಾನೇಜರಿಗೆ ಅದು ಅನುಕೂಲ, ನಿಮಗೆ ಅದು ಗುಂಡಿ. ಅಮೆರಿಕದಲ್ಲಿ ಲೈಸೆನ್ಸ್ ಬೇಕಂದ್ರೆ ಎನ್‌ಸಿಎಆರ್‌ಬಿ (ಅಲ್ಲಿನ ಲೈಸೆನ್ಸ್ ಮಂಡಳಿಗಳ ಒಕ್ಕೂಟ) ನಡೆಸೋ ಎಎಕ್ಸ್‌ಪಿ ಅನ್ನೋ ಅನುಭವದ ಕಾರ್ಯಕ್ರಮದಲ್ಲಿ ಒಟ್ಟು 3,740 ಗಂಟೆ ಅನುಭವ ತೋರಿಸ್ಬೇಕು, ಅದನ್ನ 6 ವಿಭಾಗ ಮಾಡಿದ್ದಾರೆ. ಡ್ರಾಯಿಂಗ್ ಡಾಕ್ಯುಮೆಂಟೇಷನ್ ವಿಭಾಗಕ್ಕೆ 1,520 ಗಂಟೆ, ಕಟ್ಟೋ ಹಂತಕ್ಕೆ 360, ಆಫೀಸ್ ನಡೆಸೋ ವಿಷಯಕ್ಕೆ 160. ದೊಡ್ಡ ಆಫೀಸಲ್ಲಿ ಆ 1,520 ಒಂದು ವರ್ಷದ ಒಳಗೇ ತುಂಬಿ ಹರಿಯುತ್ತೆ. ಆದ್ರೆ ಆ 360, ಲೆಕ್ಕ ಹಾಕಿದ್ರೆ ವಾರಕ್ಕೆ 40 ಗಂಟೆಯಂತೆ ಬರೀ 9 ವಾರ, ಅದು ವರ್ಷಗಟ್ಟಲೆ ಸಿಗಲ್ಲ, ಯಾಕಂದ್ರೆ ಸೈಟಿಗೆ ಹೋಗೋಕೆ ಬೇರೆ ಟೀಮಿದೆ. ನೀವು ಯಾವ ದೇಶದಲ್ಲಿದ್ದರೂ ಈ ಪಟ್ಟಿಯನ್ನ ಕನ್ನಡಿ ಥರ ಬಳಸಬಹುದು, ಕಳೆದ 2 ವರ್ಷದ ನಿಮ್ಮ ಗಂಟೆಗಳು ಯಾವ ಯಾವ ವಿಭಾಗಕ್ಕೆ ಹೋಗಿವೆ ಅಂತ ಬರ್ಕೊಂಡು ನೋಡಿ. ನಾನು ಬರ್ಕೊಂಡಾಗ 6ರಲ್ಲಿ 4 ವಿಭಾಗ ಖಾಲಿ ಇತ್ತು.

ಎರಡನೇದು ಟೈಮ್‌ಶೀಟ್. ದೊಡ್ಡ ಕಡೆ ಪ್ರತಿ ಗಂಟೆಗೂ ಪ್ರಾಜೆಕ್ಟ್ ನಂಬರ್ ಹಾಕ್ಬೇಕು, ಕ್ಲೈಂಟಿಗೆ ಬಿಲ್ ಆಗೋ ಗಂಟೆ ಎಷ್ಟು ಅಂತ ಪ್ರತಿ ವಾರ ನೋಡ್ತಾರೆ, ಯುಟಿಲೈಸೇಷನ್ ಅಂತ ಅದರ ಹೆಸರು. ಕಲಿಯೋಕೆ ಕೂತ ಗಂಟೆ, ಸುಮ್ನೆ ಇನ್ನೊಬ್ಬರ ಡ್ರಾಯಿಂಗ್ ನೋಡಿ ಅರ್ಥ ಮಾಡ್ಕೊಂಡ ಗಂಟೆ, ಯಾವುದೂ ಬಿಲ್ ಆಗಲ್ಲ. ಆಗ ಏನ್ ಮಾಡ್ತಾರೆ ಅಂದ್ರೆ 11 ಗಂಟೆ ಕೆಲಸ ಮಾಡಿ 8 ಅಂತ ಬರೀತಾರೆ, ಪ್ರಾಜೆಕ್ಟ್ ಬಜೆಟ್ ಮೀರಬಾರದು ಅಂತ ಮ್ಯಾನೇಜರ್ ಕೂಡ ಮೆಲ್ಲಗೆ ಹಾಗೇ ಹೇಳಿರ್ತಾರೆ. ದಯವಿಟ್ಟು ಇದನ್ನ ಮಾಡ್ಬೇಡಿ. ಮುಂದಿನ ಪ್ರಾಜೆಕ್ಟಿಗೆ ಫೀಸು ಕೋಟ್ ಮಾಡೋವಾಗ ಆಫೀಸು ತೆಗೆದು ನೋಡೋದು ಇದೇ ಟೈಮ್‌ಶೀಟನ್ನ. ಅಲ್ಲಿ 8 ಅಂತ ಇದ್ರೆ ಮುಂದಿನ ಸಲವೂ 8ಕ್ಕೇ ಕೋಟ್ ಮಾಡ್ತಾರೆ, ನೀವು ಮತ್ತೆ 11 ದುಡೀತೀರ, ನಿಮ್ಮ ಜಾಗಕ್ಕೆ ಬರೋ ಮಗುವೂ 11 ದುಡಿಯುತ್ತೆ. ನಾನು 3 ವರ್ಷ ಹಾಗೆ ಬರೆದಿದ್ದೀನಿ, ಈಗ ನೆನೆಸ್ಕೊಂಡ್ರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಮೂರನೇದು ಹೆಸರು. 1936ರಲ್ಲಿ ಶಿಕಾಗೋದಲ್ಲಿ ಶುರುವಾದ ಎಸ್‌ಒಎಂ ದೊಡ್ಡ ಆಫೀಸು ಅನ್ನೋದಕ್ಕೇ ಒಂದು ಮಾದರಿ. ಅಲ್ಲಿ 1944ರಲ್ಲಿ ಸೇರಿದ ನತಾಲಿ ಡಿ ಬ್ಲಾ ಅನ್ನೋ ಆರ್ಕಿಟೆಕ್ಟ್ ನ್ಯೂಯಾರ್ಕಿನ ಪೆಪ್ಸಿ ಕೋಲಾ ಬಿಲ್ಡಿಂಗ್, ಯೂನಿಯನ್ ಕಾರ್ಬೈಡ್ ಬಿಲ್ಡಿಂಗ್ ಥರದ ದೊಡ್ಡ ಕೆಲಸಗಳಲ್ಲಿ ಡಿಸೈನ್ ಮಾಡಿದ್ರು, ಆದ್ರೆ ಜನರ ಬಾಯಲ್ಲಿ ಉಳಿದ ಹೆಸರು ಪಾರ್ಟ್‌ನರ್ ಗೋರ್ಡನ್ ಬನ್‌ಶಾಫ್ಟ್ ಅವರದ್ದು, ನಮ್ಮ ವೃತ್ತಿಯ ಅತಿ ದೊಡ್ಡ ಪ್ರಶಸ್ತಿಯಾದ ಪ್ರಿಟ್ಸ್‌ಕರ್ 1988ರಲ್ಲಿ ಬಂದಿದ್ದೂ ಅವರಿಗೇ. ಆಕೆ ಮಾಡಿದ್ದು ಎಷ್ಟು, ಆಕೆಗೆ ಸಂದಿದ್ದು ಎಷ್ಟು ಕಮ್ಮಿ ಅಂತ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ನಥಾನಿಯಲ್ ಓವಿಂಗ್ಸ್ ಅವರೇ ಮುಂದೆ ಬರೆದು ಒಪ್ಕೊಂಡ್ರು. ಇದನ್ನ ಓದಿ ಸಣ್ಣ ಆಫೀಸಿಗೆ ಓಡೋ ಮುಂಚೆ ಇನ್ನೊಂದು ವಿಷಯ ಕೇಳಿ. 1991ರಲ್ಲಿ ಅದೇ ಪ್ರಿಟ್ಸ್‌ಕರ್ ರಾಬರ್ಟ್ ವೆಂಚುರಿ ಒಬ್ಬರಿಗೇ ಬಂತು, ಹೆಂಡತಿ, ಆಫೀಸಿನ ಪಾರ್ಟ್‌ನರ್ ಎರಡೂ ಆಗಿದ್ದ ಡೆನಿಸ್ ಸ್ಕಾಟ್ ಬ್ರೌನ್ ಅವರನ್ನ ಸೇರಿಸಲಿಲ್ಲ, 2013ರಲ್ಲಿ ಸಾವಿರಾರು ಜನ ಸಹಿ ಹಾಕಿ ಕೇಳಿದ್ರೂ ಸಮಿತಿ ಆಗಲ್ಲ ಅಂತು. ಬಾಗಿಲ ಮೇಲೆ ಹೆಸರಿದ್ರೂ ಹೀಗಾಗುತ್ತೆ ಅಂದಮೇಲೆ ಹೆಸರಿನ ಸಮಸ್ಯೆ ಅರ್ಧ ಗಾತ್ರದ್ದು, ಅರ್ಧ ನಮ್ಮ ವೃತ್ತಿಯ ಹೀರೋ ಹುಚ್ಚಿನದು.

ಇನ್ನು ಬಾಸ್ ಬಗ್ಗೆ ಹೆಚ್ಚು ಹೇಳೋದೇನಿಲ್ಲ. ನಿಮ್ಮ ಬೇಸರಕ್ಕೆ ಒಬ್ಬ ವ್ಯಕ್ತಿಯ ಹೆಸರು ಕೊಡೋಕಾದ್ರೆ ಅದು ಗಾತ್ರದ ಸಮಸ್ಯೆ ಅಲ್ಲ.

ಆಯ್ಕೆ 1: ಅಲ್ಲೇ ಇದ್ದು ಸ್ಟುಡಿಯೋ ಬದಲಾಯಿಸೋದು

ಇದನ್ನ ಯಾರೂ ಮನಸ್ಸಿಗೇ ತಗೊಳ್ಳಲ್ಲ, ನನಗೆ ಇದೇ ಅತಿ ಕಮ್ಮಿ ನಷ್ಟದ ದಾರಿ ಅನ್ಸುತ್ತೆ. ದೊಡ್ಡ ಆಫೀಸು ಅಂದ್ರೆ ಒಂದೇ ಆಫೀಸಲ್ಲ, ಒಂದೇ ಛಾವಣಿ ಕೆಳಗೆ ಹತ್ತು ಸಣ್ಣ ಆಫೀಸು. ಏರ್‌ಪೋರ್ಟ್ ಮಾಡೋ ಸ್ಟುಡಿಯೋ ದಿನಚರಿ ಬೇರೆ, ಆಸ್ಪತ್ರೆ ಮಾಡೋ ಸ್ಟುಡಿಯೋದ್ದು ಬೇರೆ, ಇಂಟೀರಿಯರ್ಸ್‌ದು ಇನ್ನೂ ಬೇರೆ. ನನ್ನ ಪಕ್ಕ ಕೂರ್ತಿದ್ದ ಸ್ನೇಹಿತೆ, ನಾನು ಬಿಟ್ಟ ವರ್ಷವೇ ಬಿಡೋಳಿದ್ಲು, ಬಿಡ್ದೆ ಇಂಟೀರಿಯರ್ಸ್ ಟೀಮಿಗೆ ಹೋದ್ಲು. ಅಲ್ಲಿ ಪ್ರಾಜೆಕ್ಟುಗಳು 8-10 ತಿಂಗಳಲ್ಲಿ ಮುಗೀತವೆ, ಹಾಗಾಗಿ 2 ವರ್ಷದಲ್ಲಿ 3 ಕೆಲಸ ಶುರುವಿಂದ ಕೊನೇವರೆಗೆ ನೋಡಿದ್ಲು, ಸೈಟಲ್ಲಿ ಕಂಟ್ರಾಕ್ಟರ್ ಜೊತೆ ಮಾತಾಡೋದು ಕಲಿತ್ಲು. ನಾನು 6 ವರ್ಷದಲ್ಲಿ ಕಲೀದೇ ಇದ್ದಿದ್ದನ್ನ.

ಕೇಳೋದು ಹೇಗೆ ಅಂದ್ರೆ "ನನಗೆ ಬೇಜಾರಾಗಿದೆ" ಅಂತ ಕೇಳ್ಬೇಡಿ. "ಈ ಪ್ರಾಜೆಕ್ಟ್ ಕಟ್ಟೋ ಹಂತಕ್ಕೆ ಹೋದಾಗ ನನ್ನನ್ನ ಆ ಟೀಮಲ್ಲಿ ಇಡಿ, ಡ್ರಾಯಿಂಗ್ ಮಾಡಿದವರೇ ಇದ್ರೆ ಸೈಟಿಂದ ಬರೋ ಪ್ರಶ್ನೆಗಳಿಗೆ ಬೇಗ ಉತ್ತರ ಕೊಡಬಹುದು" ಅಂತ ಕೇಳಿ. ಅದು ಅವರಿಗೂ ಲಾಭದ ಮಾತು, ನಿಜವಾದ ಮಾತೂ ಹೌದು. ಬಾಯಲ್ಲಿ ಹೇಳಿ ಬಿಡ್ಬೇಡಿ, ಇಮೇಲಲ್ಲಿ ಬರೆದು ಹಾಕಿ, ತಾರೀಖು ಇಡಿ. 6 ತಿಂಗಳಲ್ಲಿ ಏನೂ ಆಗ್ಲಿಲ್ಲ ಅಂದ್ರೆ ನಿಮಗೆ ಉತ್ತರ ಸಿಕ್ಕಂಗೇ.

ಒಳಗಿದ್ದೇ ಎಲ್ಲರೂ ಸೇರಿ ಬದಲಾಯಿಸೋ ದಾರಿನೂ ಇದೆ. ನ್ಯೂಯಾರ್ಕಿನ ಶಾಪ್ ಆರ್ಕಿಟೆಕ್ಟ್ಸ್‌ನ ನೌಕರರು 2021ರ ಡಿಸೆಂಬರಲ್ಲಿ ಯೂನಿಯನ್ ಮಾಡೋಕೆ ಹೊರಟ್ರು, 2022ರ ಫೆಬ್ರವರಿಯಲ್ಲಿ ಅರ್ಜಿ ವಾಪಸ್ ತಗೊಂಡ್ರು. ಅದೇ ವರ್ಷ ಅದೇ ಊರಿನ, ತುಂಬಾ ಚಿಕ್ಕದಾದ ಬರ್ನ್‌ಹೈಮರ್ ಆರ್ಕಿಟೆಕ್ಚರ್‌ನಲ್ಲಿ ಯೂನಿಯನ್ ಆಯ್ತು, ಅಲ್ಲಿನ ಮಾಲೀಕರು ತಾವಾಗೇ ಒಪ್ಕೊಂಡ್ರು. ಬ್ರಿಟನ್ನಿನಲ್ಲಿ 2019ರಿಂದ ಆರ್ಕಿಟೆಕ್ಚರ್ ಕೆಲಸಗಾರರ ಒಂದು ಯೂನಿಯನ್ ವಿಭಾಗ ಇದೆ. ಇದು ನಿಧಾನದ ಕೆಲಸ, ಗಟ್ಟಿ ಮನಸ್ಸು ಬೇಕು, ಈ ವರ್ಷದ ಬೇಜಾರು ಇದರಿಂದ ಈ ವರ್ಷವೇ ಹೋಗಲ್ಲ. ಆದ್ರೆ ಓವರ್‌ಟೈಮ್ ಅನ್ನೋದು ವೃತ್ತಿಯ ರೋಗ ಅಂತ ಒಪ್ಕೊಂಡ ಮೇಲೆ ಒಬ್ಬೊಬ್ಬರೇ ಆಫೀಸ್ ಬದಲಾಯಿಸೋದ್ರಿಂದ ಅದು ವಾಸಿ ಆಗಲ್ಲ ಅನ್ನೋದನ್ನೂ ಒಪ್ಕೋಬೇಕು, ಅದಕ್ಕೇ ಇಂಥವರ ಬಗ್ಗೆ ನನಗೆ ತುಂಬಾ ಗೌರವ.

ಆಯ್ಕೆ 2: ಇನ್ನೊಂದು ದೊಡ್ಡ ಆಫೀಸು

ಸಂಬಳ ಏರಿಸ್ಕೊಳ್ಳೋಕೆ ಇದು ಸಲೀಸಾದ ದಾರಿ, ಯಾಕಂದ್ರೆ ಒಳಗಿದ್ದು ಸಿಗೋ ಇನ್‌ಕ್ರಿಮೆಂಟಿಗಿಂತ ಹೊರಗಿಂದ ಬರೋರಿಗೆ ಜಾಸ್ತಿ ಕೊಡ್ತಾರೆ. ಬೇರೆ ಕಾರಣಕ್ಕಾದ್ರೆ ಬೇಡ. ಒಂದು ಮಾತ್ರ ನೋಡಿ, ಆಫೀಸು ಯಾರದ್ದು ಅಂತ. ಜಾಹಾ ಹದೀದ್ ಆರ್ಕಿಟೆಕ್ಟ್ಸ್ 2021ರಲ್ಲಿ ನೌಕರರ ಟ್ರಸ್ಟಿನ ಒಡೆತನಕ್ಕೆ ಬಂತು, ಗೆನ್ಸ್ಲರ್ ಕೂಡ ನೌಕರರ ಒಡೆತನದ್ದೇ, ಫಾಸ್ಟರ್ ಪ್ಲಸ್ ಪಾರ್ಟ್‌ನರ್ಸ್‌ನಲ್ಲಿ ಅದೇ 2021ರಲ್ಲಿ ಕೆನಡಾದ ಒಂದು ಹೂಡಿಕೆ ಸಂಸ್ಥೆ ದೊಡ್ಡ ಪಾಲು ತಗೊಂತು. ಲಾಭ ಯಾರ ಕೈಗೆ ಹೋಗುತ್ತೆ ಅನ್ನೋದು ಬೋನಸ್ಸಲ್ಲಿ ಕಾಣುತ್ತೆ, ನೀವು ಸಂಜೆ ಎಷ್ಟಕ್ಕೆ ಏಳ್ತೀರ ಅನ್ನೋದನ್ನ ಮಾತ್ರ ನಿಮ್ಮ ಟೀಮ್ ಲೀಡೇ ನಿರ್ಧರಿಸೋದು.

ಆಯ್ಕೆ 3: ಸಣ್ಣ ಆಫೀಸು, 10 ಜನರ ಒಳಗೆ

ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಸೇರಿದ ಮೂರನೇ ವಾರ ನಾನು ಸೈಟಲ್ಲಿದ್ದೆ, ಎರಡನೇ ತಿಂಗಳು ಕ್ಲೈಂಟ್ ಮುಂದೆ ಕೂತಿದ್ದೆ. ಫೀಸು ಎಷ್ಟು ಬಂತು, ಯಾವ ಬಿಲ್ ಬಾಕಿ ಇದೆ, ಮುಂದಿನ ತಿಂಗಳ ಸಂಬಳ ಎಲ್ಲಿಂದ, ಎಲ್ಲಾ ಕಿವಿಗೆ ಬೀಳುತ್ತೆ. ಆ 160 ಗಂಟೆ ವಿಭಾಗ ಇದೆಯಲ್ಲ, ಆಫೀಸ್ ನಡೆಸೋದು, ಅದು ಮಾಲೀಕರ ಪಕ್ಕದ ಟೇಬಲ್ಲಲ್ಲಿ ಕೂತ್ರೆ ತಾನಾಗೇ ತುಂಬುತ್ತೆ.

ಆದ್ರೆ ನಾನು ಅಲ್ಲಿಗೆ ಹೋಗೋ ತನಕ ಒಂದು ವಿಷಯ ಅರ್ಥ ಆಗಿರಲಿಲ್ಲ. ದೊಡ್ಡ ಆಫೀಸಲ್ಲಿ ನನ್ನ ಡ್ರಾಯಿಂಗನ್ನ 3 ಜನ ನೋಡ್ತಿದ್ರು, ಕೆಂಪು ಪೆನ್ನಲ್ಲಿ ಗೀಚಿ ವಾಪಸ್ ಕೊಡ್ತಿದ್ರು, ನನಗೆ ಅದು ಕಿರಿಕಿರಿ ಅನ್ಸೋದು. ಫಸಾಡಿಗೆ, ಅಂದ್ರೆ ಕಟ್ಟಡದ ಹೊರಮೈಗೆ, ಒಬ್ಬರು, ಬೆಂಕಿ ನಿಯಮಕ್ಕೆ ಒಬ್ಬರು, ಸ್ಪೆಸಿಫಿಕೇಷನ್ ಬರೆಯೋಕೇ ಒಬ್ಬರು ಇದ್ರು, ಹಳೇ ಪ್ರಾಜೆಕ್ಟುಗಳ ಡೀಟೇಲುಗಳೆಲ್ಲ ಒಂದು ಕಡೆ ಜೋಡಿಸಿ ಇಟ್ಟಿದ್ರು. ಸಣ್ಣ ಆಫೀಸಲ್ಲಿ ಒಂದು ಮನೆಯ ಟೆರೇಸ್ ಪ್ಯಾರಪೆಟ್ಟಿನ ವಾಟರ್‌ಪ್ರೂಫಿಂಗ್ ಡೀಟೇಲ್ ನಾನು ಬರೆದೆ, ಯಾರೂ ನೋಡ್ಲಿಲ್ಲ, ನೋಡೋಕೆ ಯಾರೂ ಇರ್ಲಿಲ್ಲ, ನೀರು ತಡೆಯೋ ಪೊರೆಯನ್ನ ಗೋಡೆ ಮೇಲಕ್ಕೆ ಎಷ್ಟು ಎತ್ತರ ತಗೊಂಡು ಹೋಗಿ ಎಲ್ಲಿ ಸಿಕ್ಕಿಸ್ಬೇಕು ಅಂತ ನಾನು ಸರಿಯಾಗಿ ತೋರಿಸಿರಲಿಲ್ಲ. ಮೊದಲ ಮಳೆಗೇ ಸೋರ್ತು. ಆ ಮನೆಯವರು ಬೈಲಿಲ್ಲ, ಮಗುವಿನ ರೂಮಿನ ಗೋಡೆ ಮೇಲಿನ ಕಲೆ ತೋರಿಸಿ ಸುಮ್ನೆ ನಿಂತ್ರು. ಆ ಕೆಂಪು ಪೆನ್ನಿನ ಬೆಲೆ ಏನು ಅಂತ ಆವತ್ತು ಗೊತ್ತಾಯ್ತು.

ಜೊತೆಗೆ, ಇಲ್ಲಿ ಬಾಸ್ ಸರಿ ಹೋಗ್ಲಿಲ್ಲ ಅಂದ್ರೆ ಬೇರೆ ಫ್ಲೋರ್ ಇಲ್ಲ. ಒಂದು ಕ್ಲೈಂಟ್ ದುಡ್ಡು ಕೊಡ್ಲಿಲ್ಲ ಅಂದ್ರೆ ಸಂಬಳ ತಡ. ದೂರು ಹೇಳ್ಬೇಕು ಅಂದ್ರೆ ಎಚ್‌ಆರ್ ಅಂತ ಯಾರೂ ಇಲ್ಲ, ಯಾರ ಮೇಲೆ ದೂರೋ ಅವರ ಹತ್ರಾನೇ ಹೇಳ್ಬೇಕು. ಅನುಭವ 2-3 ವರ್ಷ ಆಗಿ, ಡ್ರಾಯಿಂಗ್ ಕೈ ಹಿಡಿದು, ಮನೆ ಜವಾಬ್ದಾರಿ ಇನ್ನೂ ಹಗುರ ಇರೋರಿಗೆ ಸಣ್ಣ ಆಫೀಸು ಚೆನ್ನ. ಕಾಲೇಜಿಂದ ನೇರ ಬರೋರಿಗೆ ಹೇಳಲ್ಲ ನಾನು, ಮಾಲೀಕರು ನಿಜವಾಗ್ಲೂ ಕೂತು ಕಲಿಸೋರು ಅಂತ ಖಾತ್ರಿ ಇದ್ರೆ ಮಾತ್ರ.

ಆಯ್ಕೆ 4: ಹೆಸರು ಮಾಡಿದವರ ಸ್ಟುಡಿಯೋ

ಇದು ಸಣ್ಣದೂ ಅಲ್ಲ ದೊಡ್ಡದೂ ಅಲ್ಲ, ಇದರ ಲೆಕ್ಕವೇ ಬೇರೆ. ಬರ್ಲಿನ್ನಿನಲ್ಲಿ ಪೀಟರ್ ಬೆಹ್ರೆನ್ಸ್ ಅವರ ಆಫೀಸಲ್ಲಿ 1910ರ ಆಸುಪಾಸು, ಮುಂದೆ ಜಗತ್ತಿಗೇ ಹೆಸರಾದ ಗ್ರೋಪಿಯಸ್, ಮೀಸ್, ಲೆ ಕಾರ್ಬೂಸಿಯೇ ಮೂರೂ ಜನ ಕೆಲಸ ಮಾಡಿದ್ರು ಅನ್ನೋ ಕಥೆ ಎಲ್ಲಾ ಕಾಲೇಜಲ್ಲೂ ಹೇಳ್ತಾರೆ. ಅಲ್ಲಿ ಗಮನಿಸಬೇಕಾದ್ದು ಅವರು ಅಲ್ಲಿ ಎಷ್ಟು ಕಾಲ ಇದ್ರು ಅನ್ನೋದನ್ನ. ಲೆ ಕಾರ್ಬೂಸಿಯೇ ಇದ್ದಿದ್ದು ಕೆಲವೇ ತಿಂಗಳು, ಉಳಿದಿಬ್ಬರೂ ಕೆಲವು ವರ್ಷದಲ್ಲೇ ಹೊರಟ್ರು. ಇಂಥಾ ಕಡೆ ಹೋಗೋದಾದ್ರೆ ಹೋಗೋ ದಿನವೇ ಬಿಡೋ ತಾರೀಖು ಮನಸ್ಸಲ್ಲಿ ಇಟ್ಕೊಳ್ಳಿ. ಮತ್ತೆ ಸಂಬಳ ಇಲ್ಲ ಅಂದ್ರೆ ಬೇಡ, ಎಷ್ಟೇ ದೊಡ್ಡ ಹೆಸರಾದ್ರೂ ಬೇಡ, ನೀವು ಬಿಟ್ಟಿ ದುಡಿದ್ರೆ ಅಪ್ಪ ಅಮ್ಮನ ಹತ್ರ ದುಡ್ಡಿಲ್ಲದ ಇನ್ನೊಬ್ಬರಿಗೆ ಆ ಬಾಗಿಲು ಶಾಶ್ವತವಾಗಿ ಮುಚ್ಚುತ್ತೆ.

ಆಯ್ಕೆ 5: ಮಧ್ಯಮ ಗಾತ್ರ

ನಾನು ಈಗ ಇರೋದು ಇಲ್ಲೇ, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು. ಸುಮಾರು 30ರಿಂದ 80 ಜನ. ಡ್ರಾಯಿಂಗ್ ಚೆಕ್ ಮಾಡೋಕೆ ಸೀನಿಯರ್ ಇದ್ದಾರೆ, ಆದ್ರೂ ಪ್ರಿನ್ಸಿಪಾಲಿಗೆ ಎಲ್ಲರ ಹೆಸರು ಗೊತ್ತು. ಪ್ರಾಜೆಕ್ಟುಗಳು 2-3 ವರ್ಷದಲ್ಲಿ ಮುಗಿಯೋ ಗಾತ್ರದವು, ಡ್ರಾಯಿಂಗ್ ಮಾಡಿದವರೇ ಸೈಟಿಗೆ ಹೋಗ್ತಾರೆ, ಬೇರೆ ಟೀಮ್ ಇಡೋವಷ್ಟು ಜನ ಇಲ್ಲ ಅನ್ನೋ ಕಾರಣಕ್ಕೇ.

ಆದ್ರೆ ಎಲ್ಲಾ ಮಧ್ಯಮ ಆಫೀಸೂ ಒಂದೇ ಅಲ್ಲ. ಕೆಲಸ ಹೇಗೆ ಬರುತ್ತೆ ಅಂತ ವಿಚಾರಿಸಿ. ಡಿಸೈನ್ ಕಾಂಪಿಟಿಷನ್ (ಹಲವು ಆಫೀಸುಗಳು ಡಿಸೈನ್ ಕಳಿಸಿ, ಗೆದ್ದವರಿಗೆ ಕೆಲಸ) ಮೇಲೆ ಕಾಂಪಿಟಿಷನ್ ಹಾಕಿ ಬದುಕೋ ಆಫೀಸಾದ್ರೆ ರಾತ್ರಿಗಳು ಹೋದವು ಅಂತಲೇ ಲೆಕ್ಕ, ಯಾಕಂದ್ರೆ ಸೋತ ಕಾಂಪಿಟಿಷನ್ನಿಗೆ ಫೀಸೇ ಇಲ್ಲ ಅಥವಾ ಇದ್ರೂ ಖರ್ಚಿಗೆ ಸಾಲಲ್ಲ. ಒಂದೇ ಆಸ್ಪತ್ರೆ, ಒಂದೇ ಯೂನಿವರ್ಸಿಟಿ, ಒಂದೇ ಲ್ಯಾಬ್ ಮತ್ತೆ ಮತ್ತೆ ಕರೆಯೋ ಆಫೀಸಾದ್ರೆ ಕ್ಲೈಂಟಿಗೂ ತನಗೇನು ಬೇಕು ಅಂತ ಗೊತ್ತಿರುತ್ತೆ, ಆಪ್ಷನ್ ಮೇಲೆ ಆಪ್ಷನ್ ಕೇಳಲ್ಲ. ಫೋಟೋದಲ್ಲಿ ಅಷ್ಟು ಚಂದ ಕಾಣದ ಬಿಲ್ಡಿಂಗುಗಳಿರಬಹುದು, ನಾನು ಮಾತ್ರ ವಾರದಲ್ಲಿ 4 ದಿನ 6:30ಕ್ಕೆ ಮನೆಯಲ್ಲಿರ್ತೀನಿ. ಇಲ್ಲಿನ ನಿಜವಾದ ಕೊರತೆ ಅಂದ್ರೆ ಮೇಲೆ ಹೋಗೋ ಜಾಗ ಕಮ್ಮಿ. 3 ಪಾರ್ಟ್‌ನರ್ಸ್ ಇದ್ದು ಮೂವರಿಗೂ 45 ವರ್ಷ ಅಂದ್ರೆ ಇನ್ನು 20 ವರ್ಷ ಆ ಕುರ್ಚಿ ಖಾಲಿ ಆಗಲ್ಲ.

ಆಯ್ಕೆ 6: ಕ್ಲೈಂಟ್ ಕಡೆಗೆ ಹೋಗೋದು

ದುಡ್ಡು, ಹೊತ್ತಿಗೆ ಸರಿಯಾಗಿ ಮನೆ, ಎರಡೂ ಬೇಕು ಅಂದ್ರೆ ಇದೇ. ಡೆವಲಪರ್, ಯೂನಿವರ್ಸಿಟಿ, ಆಸ್ಪತ್ರೆ, ಸರ್ಕಾರಿ ಇಲಾಖೆ, ಎಲ್ಲರಿಗೂ ಡ್ರಾಯಿಂಗ್ ಓದೋಕೆ ಬರೋರು ಬೇಕು. ಗೆರೆ ಎಳೆಯೋದು ನಿಲ್ಲುತ್ತೆ, ಬೇರೆಯವರು ಎಳೆದಿದ್ದನ್ನ ನೋಡೋದು ಶುರುವಾಗುತ್ತೆ. 5 ವರ್ಷ ಆದ ಮೇಲೆ ವಾಪಸ್ ಆಫೀಸಿಗೆ ಬರೋದು ಕಷ್ಟ, ಅದನ್ನ ತಿಳ್ಕೊಂಡು ಹೋಗಿ. ಹೋದ್ಮೇಲೆ 8ನೇ ಆಪ್ಷನ್ ಕೇಳೋ ಕ್ಲೈಂಟ್ ಆಗ್ಬೇಡಿ, ಅಷ್ಟೇ ನನ್ನ ಕೋರಿಕೆ.

ಆಯ್ಕೆ 7: ಸ್ವಂತ ಆಫೀಸು

ಎಲ್ಲರ ತಲೆಯಲ್ಲೂ ಇರೋದು ಇದೇ. ಎರಡು ಹಳೇ ಉದಾಹರಣೆ ಹೇಳ್ತೀನಿ. ಫ್ರಾಂಕ್ ಲಾಯ್ಡ್ ರೈಟ್ 1888ರಿಂದ ಶಿಕಾಗೋದ ಆಡ್ಲರ್ ಮತ್ತು ಸಲಿವನ್ ಆಫೀಸಲ್ಲಿದ್ರು, ಸಂಬಳದ ಜೊತೆಗೆ ಕದ್ದುಮುಚ್ಚಿ ಹೊರಗಿನ ಮನೆಗಳನ್ನ ಡಿಸೈನ್ ಮಾಡ್ತಿದ್ರು, ಅದು ಕರಾರಿಗೆ ವಿರುದ್ಧ, ಗೊತ್ತಾಗಿ ಜಗಳ ಆಗಿ 1893ರಲ್ಲಿ ಹೊರಗೆ ಬಂದ್ರು. ಅವರಿಗೆ ಒಳ್ಳೇದಾಯ್ತು, ಆದ್ರೆ ಇವತ್ತು ಹೊರಗಿನ ಕೆಲಸದಲ್ಲಿ ಏನಾದ್ರೂ ಬಿರುಕು ಬಿಟ್ರೆ ಆಫೀಸಿನ ಇನ್ಶೂರೆನ್ಸ್ ನಿಮ್ಮನ್ನ ಕಾಯಲ್ಲ. ಕರಾರು ತೆಗೆದು ಓದಿ, ಬರಹದಲ್ಲಿ ಅನುಮತಿ ತಗೊಳ್ಳಿ.

ಇನ್ನೊಂದು, ಬುರ್ಜ್ ಖಲೀಫಾ. 828 ಮೀಟರ್ ಎತ್ತರದ ಆ ಕಟ್ಟಡದ ಡಿಸೈನ್ ಏಡ್ರಿಯನ್ ಸ್ಮಿತ್ ಅವರದ್ದು, ಎಸ್‌ಒಎಂನಲ್ಲಿದ್ದಾಗ ಮಾಡಿದ್ದು. ಕಟ್ಟಡ ಇನ್ನೂ ಏಳ್ತಿರೋವಾಗಲೇ 2006ರಲ್ಲಿ ಅವರು ಬಿಟ್ಟು ಗೋರ್ಡನ್ ಗಿಲ್ ಜೊತೆ ಸ್ವಂತ ಆಫೀಸು ಮಾಡಿದ್ರು, 2010ರಲ್ಲಿ ಕಟ್ಟಡ ತೆರೆದಾಗ ಅದು ಎಸ್‌ಒಎಂ ಪ್ರಾಜೆಕ್ಟೇ. ಬಿಟ್ಟು ಹೋದವರ ಜೊತೆ ಪ್ರಾಜೆಕ್ಟ್ ಬರಲ್ಲ, ಅಂಥವರಿಗೂ ಬರಲ್ಲ. ಹಾಗಾಗಿ ಸ್ವಂತ ಆಫೀಸಿಗೆ ಹೊರಡೋರು ಪೋರ್ಟ್‌ಫೋಲಿಯೋ ನಂಬ್ಕೊಂಡು ಹೊರಡಬಾರದು, ನಿಮ್ಮನ್ನ ನಂಬಿ ಕೆಲಸ ಕೊಡೋ 2 ಮನುಷ್ಯರನ್ನ ನಂಬ್ಕೊಂಡು ಹೊರಡಬೇಕು. ಸಣ್ಣ ಅಥವಾ ಮಧ್ಯಮ ಆಫೀಸಲ್ಲಿ ಕೆಲವು ವರ್ಷ ಕಳೀದೆ ದೊಡ್ಡದರಿಂದ ನೇರ ಇಲ್ಲಿಗೆ ಹಾರೋದು ಬೇಡ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ದೊಡ್ಡ ಕಡೆ ನಾವು ಬಿಲ್ ಬರೆಯೋದು, ಬಾಕಿ ಕೇಳೋದು ಯಾವುದನ್ನೂ ಕಣ್ಣಲ್ಲೂ ನೋಡಿರಲ್ಲ.

ಇಂಟರ್‌ವ್ಯೂನಲ್ಲಿ ಕೇಳ್ಬೇಕಾದ್ದು, ಬಿಡೋ ಮುಂಚೆ ಮಾಡ್ಕೋಬೇಕಾದ್ದು

"ನಿಮ್ಮ ಕಲ್ಚರ್ ಹೇಗಿದೆ" ಅಂತ ಕೇಳಿದ್ರೆ ಎಲ್ರೂ ಚೆನ್ನಾಗಿದೆ ಅಂತಾರೆ. ಬದಲಿಗೆ, ನಾನು ಕೂರೋ ಟೀಮಲ್ಲಿ ಹೋದ ಡೆಡ್‌ಲೈನ್ ವಾರ ಎಷ್ಟು ಗಂಟೆ ಆಯ್ತು, ಅದನ್ನ ಟೈಮ್‌ಶೀಟಲ್ಲಿ ಪೂರ್ತಿ ಬರೆದ್ರಾ, ಅದಕ್ಕೆ ದುಡ್ಡು ಕೊಟ್ರಾ ರಜೆ ಕೊಟ್ರಾ ಅಂತ ಕೇಳಿ. ನನ್ನ ಥರ 3 ವರ್ಷ ಅನುಭವ ಇರೋರು ಕಳೆದ ತಿಂಗಳು ಎಷ್ಟು ಸಲ ಸೈಟಿಗೆ ಹೋದ್ರು ಅಂತ ಕೇಳಿ. ಈ ಜಾಗ ಯಾಕೆ ಖಾಲಿ ಆಯ್ತು ಅಂತ ಕೇಳಿ, ಉತ್ತರಕ್ಕಿಂತ ಉತ್ತರ ಕೊಡೋ ಮುಖ ನೋಡಿ. ಬ್ರಿಟನ್ನಲ್ಲಾದ್ರೆ ವಾರಕ್ಕೆ ಸರಾಸರಿ 48 ಗಂಟೆ ಮಿತಿ ಕಾನೂನಲ್ಲೇ ಇದೆ, ಆದ್ರೆ ಆ ಮಿತಿ ಬಿಟ್ಟುಕೊಡ್ತೀನಿ ಅಂತ ಒಂದು ಕಾಗದ ಕೆಲಸದ ಕರಾರಿನ ಜೊತೆ ಸೇರಿಸಿ ಇಟ್ಟಿರ್ತಾರೆ, ಅದಕ್ಕೆ ಸಹಿ ಹಾಕಲೇಬೇಕು ಅಂತಿಲ್ಲ. ಬೇರೆ ದೇಶದಲ್ಲೂ ಇಂಥದ್ದೊಂದು ಸಾಲು ಎಲ್ಲೋ ಇರುತ್ತೆ, ಹುಡುಕಿ.

ಇನ್ನು ಬಿಡೋದು ಅಂತ ತೀರ್ಮಾನ ಆಗಿದ್ರೆ ರಾಜೀನಾಮೆ ಕೊಡೋ ಮುಂಚೆ 2 ಕೆಲಸ. ನೀವು ಮಾಡಿದ ಡ್ರಾಯಿಂಗುಗಳಲ್ಲಿ ಯಾವುದನ್ನ ಪೋರ್ಟ್‌ಫೋಲಿಯೋದಲ್ಲಿ ಹಾಕಬಹುದು ಅಂತ ಪ್ರಾಜೆಕ್ಟ್ ಲೀಡ್ ಹತ್ರ ಇಮೇಲಲ್ಲಿ ಒಪ್ಪಿಗೆ ತಗೊಳ್ಳಿ, ಆಫೀಸಿನ ಲಾಗಿನ್ ಹೋದ್ಮೇಲೆ ಏನೂ ಸಿಗಲ್ಲ, ಕೇಳದೇ ಕಾಪಿ ಮಾಡ್ಕೊಂಡು ಹೋದ್ರೆ ಎನ್‌ಡಿಎ, ಅಂದ್ರೆ ಗುಟ್ಟು ಕಾಯೋ ಕರಾರಿನ, ತೊಂದರೆ. ಎರಡನೇದು ಅನುಭವದ ಗಂಟೆಗಳು. ಎಎಕ್ಸ್‌ಪಿ ಥರದ ಲೆಕ್ಕದಲ್ಲಿ ಕೆಲಸ ಮಾಡಿ 8 ತಿಂಗಳ ಒಳಗೆ ದಾಖಲು ಮಾಡಿದ್ರೆ ಪೂರ್ತಿ ಸಿಗುತ್ತೆ, ಅದು ದಾಟಿದ್ರೆ 5 ವರ್ಷದವರೆಗಿನದಕ್ಕೆ ಅರ್ಧ ಮಾತ್ರ, ಮೇಲಿನವರ ಸಹಿಯೂ ಬೇಕು. ನಾನು ಬಿಟ್ಟು 1 ವರ್ಷ ಆದ್ಮೇಲೆ ಅನುಭವದ ಪತ್ರ ಕೇಳೋಕೆ ಹೋದಾಗ ನನ್ನ ಕೆಲಸ ನೋಡಿದ್ದ ಪ್ರಾಜೆಕ್ಟ್ ಆರ್ಕಿಟೆಕ್ಟ್ ಕೂಡ ಬಿಟ್ಟು ಹೋಗಿದ್ರು, ಅವರ ಜಾಗದಲ್ಲಿದ್ದವರಿಗೆ ನಾನು ಯಾರು ಅಂತಲೇ ಗೊತ್ತಿರಲಿಲ್ಲ. ಆ ಸಹಿಯನ್ನ ನೋಟಿಸ್ ಪೀರಿಯಡ್ಡಿನ ಮೊದಲ ವಾರವೇ ಹಾಕಿಸ್ಕೊಳ್ಳಿ.